ಕಣ್ಣು ಬಿಟ್ಟ ಪ್ರಾರ್ಥನೆ

ಕಾಲಡಿಯ ಹಲಗೆ ಧಡ್ಡೆಂದು ನಡುಗಿತು. ಕಣ್ಣು ಮುಚ್ಚಿ, ಹೊಸದಾಗಿ ಕಲಿತ ಕೈಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದ ಪಾಸ್ಟರ್ ಬೆಚ್ಚಿ ಕಣ್ಣು ಬಿಟ್ಟರು. ಮುಂದಿನ ಬೆಂಚಿನ ದರ್ಜಿ ಅಜ್ಜಿ ಮತ್ತೊಮ್ಮೆ ನೆಲಕ್ಕೆ ಕಾಲು ಬಡಿದು, ಚಕಚಕನೆ ಬೆರಳಾಡಿಸಿದರು. ಪಾಸ್ಟರ್ ಸೇವೆಗೆಂದು ಬಂದಿದ್ದ ಈ ಹೊಸ ಸಭೆಯಲ್ಲಿ ಅಜ್ಜಿಯ ಮೊಮ್ಮಗಳೊಬ್ಬಳನ್ನು ಬಿಟ್ಟರೆ ಯಾರಿಗೂ ಕಿವಿ ಕೇಳದು.

"ಪಾಸ್ಟರೇ, ನಿದ್ದೆ ಹೊಡೀತಿದೀರಾ ಅಂತ ಕೇಳ್ತಿದಾಳೆ ಅಜ್ಜಿ," ಮೊಮ್ಮಗಳು ನಗು ನುಂಗಿಕೊಂಡಳು. "ಇಲ್ಲಿ ಎಲ್ರೂ ಕಣ್ಣು ಬಿಟ್ಕೊಂಡೇ ಪ್ರಾರ್ಥನೆ ಮಾಡೋದು. ನೀವು ಮುಚ್ಕೊಂಡ್ರೆ, ಇವರು ಕೈಯಲ್ಲಿ ಆಮೆನ್ ಅಂದಿದ್ದು ನಿಮಗೆ ಗೊತ್ತಾಗೋದು ಹೇಗೆ?"

ಅಜ್ಜಿಕಥೆಗಳಲ್ಲಿ ಹೊಳೆ ದಾಟುವವನು ದೋಣಿಯವನಿಗೆ ತನ್ನ ಪ್ರೀತಿಯ ವಸ್ತುವನ್ನು ಕೊಟ್ಟು ದಾಟುತ್ತಾನೆ. ಪಾಸ್ಟರ್ ಕೊಟ್ಟು ಬಂದದ್ದು ದನಿಯನ್ನು. ಹಳೆಯ ಚರ್ಚಿನಲ್ಲಿ ಜನ ಕಿಟಕಿಯಾಚೆ ನಿಂತು ಆ ದನಿ ಕೇಳುತ್ತಿದ್ದರು. "ಒಗ್ಗದಿದ್ರೆ ವಾಪಸ್ ಬನ್ನಿ, ನಿಮ್ಮ ಜಾಗ ಎಲ್ಲೂ ಹೋಗಲ್ಲ," ಎಂದು ಹಿರಿಯರು ಬೀಳ್ಕೊಟ್ಟಿದ್ದರು. ಆ ಮಾತು ಈಗ ಬಾಗಿಲ ಬಳಿಯ ಚಪ್ಪಲಿಯ ಹಾಗೆ ಅವರಿಗಾಗಿ ಕಾದಿತ್ತು.

ಅವರು ಎದುರಿನ ಮುಖಗಳನ್ನು ನೋಡಿದರು. ಇಷ್ಟು ವರ್ಷ ಜನರಿಗಾಗಿ ಪ್ರಾರ್ಥಿಸಿದ್ದರು. ಪ್ರಾರ್ಥಿಸುವಾಗ ಒಮ್ಮೆಯೂ ಅವರ ಮುಖ ನೋಡಿರಲಿಲ್ಲ.

"ಮೊದಲಿಂದ ಮಾಡ್ತೀನಿ ಅಂತ ಅಜ್ಜಿಗೆ ಹೇಳಮ್ಮ," ಎಂದವರು ತಕ್ಷಣ ತಲೆಯಾಡಿಸಿದರು. "ಬೇಡ, ಇರು. ನಾನೇ ಹೇಳ್ತೀನಿ."

ಅಂಗಿಯ ತೋಳು ಮಡಚಿ, ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು, ಅವರು ಎರಡೂ ಕೈಗಳನ್ನು ಮೇಲೆತ್ತಿದರು.