ಕಾಕಾನ ಮನೆಯ ಬುನಾದಿ

ಹಸಿ ಗಚ್ಚಿನ ವಾಸನೆ ಬಂದರೆ ಈಗಲೂ ಕಮಲಾಪುರದ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಹಳ್ಳದ ದಂಡೆಯಲ್ಲಿ ಕಾಕಾ ಹೊಸ ಮನೆ ಕಟ್ಟಿಸುತ್ತಿದ್ದ. ಹಿಂದಿನ ನೆರೆ ಬೇವಿನ ಮರದ ಮೇಲೆ ಬಿಟ್ಟುಹೋದ ಗುರುತಿಗಿಂತ ಒಂದು ಮೊಳ ಮೇಲಕ್ಕೆ ಬುನಾದಿ ಎದ್ದಿತ್ತು. ಅದರ ಮೇಲೆ ಕೂತು ಅವನ ಮಗಳು ಕಾಲಾಡಿಸುತ್ತಿದ್ದಳು. ದಿಬ್ಬದ ಮೇಲಿನ ನಮ್ಮ ಮನೆಗೆ ಎರಡೇ ಮೆಟ್ಟಿಲು. ನನಗೆ ಹೊಟ್ಟೆ ಉರಿಯಿತು.

ಅಪ್ಪನಿಗೂ. "ಅಣ್ಣನ ಬುನಾದಿಗಿಂತ ತಮ್ಮಂದು ಎತ್ತರ ಇರಬಾರದು. ಹಿರೇರ ರಿವಾಜು," ಎಂದ.

"ಹಳ್ಳಕ್ಕ ರಿವಾಜು ಗೊತ್ತದೇನಣ್ಣಾ?" ಎಂದ ಕಾಕಾ.

"ಹೋದ ನೆರೆ ಮತ್ತ ಬರ್ತದಂತ ಯಾರು ಹೇಳ್ಯಾರ, ಕಾಕಾ?" ನಾನೂ ವಾದಕ್ಕಿಳಿದೆ.

ಅಪ್ಪ ನಕ್ಕ. "ಕೇಳು, ವಕೀಲ ಸಾಹೇಬ್ರು ಹೇಳಾಕತ್ತಾರ!"

ಕಾಕಾ ಕೆಲಸದವರನ್ನು ಕರೆದ. ಸಂಜೆಯೊಳಗೆ ಅವರು ಮೇಲಿನ ವರಸೆಗಳ ಕಲ್ಲುಗಳನ್ನು ಕಿತ್ತರು; ಬುನಾದಿ ಬೇವಿನ ಮರದ ಗುರುತಿಗಿಂತ ಕೆಳಗಿಳಿಯಿತು.

ಅಜ್ಜಿ ಕಾಕಾನ ಹೆಂಡತಿಯನ್ನು ನಮ್ಮ ಮನೆಯೊಳಗೆ ಕರೆದಳು. "ಜ್ವಾಳದ ಚೀಲ ಇಲ್ಲೇ ಇರ್ಲಿ ಬಿಡವ್ವ. ಮಳಿಗಾಲದಾಗ ಮಗಳನ್ನೂ ಇಲ್ಲೇ ಮಲಗ್ಸು."