ಹೊಸ್ತಿಲಾಚೆಯ ಲೋಟ

ಶಿವಮೊಗ್ಗದ ನವುಲೆಯ ನಮ್ಮ ಮನೆಯಲ್ಲಿ ಮಗಳು ಈಗ ಜೋರಾಗಿ ಪಾಠ ಓದುತ್ತಿದ್ದಾಳೆ. ನನ್ನ ಕಣ್ಣೆಲ್ಲ ಅವಳ ಪಕ್ಕದ ಸ್ಟೀಲ್ ಲೋಟದ ಮೇಲೆ.

ಅಂಥದೇ ಪಾಠವನ್ನು ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನನ್ನ ಶಾಲಾದಿನಗಳ ಒಂದು ಮಧ್ಯಾಹ್ನ ಅಪ್ಪನಿಗೆ ಓದಿ ಹೇಳಿದ್ದೆ. ಕಪ್ಪು ಜನರಿಗೆ ಬಸ್ಸಿನಲ್ಲಿ ಬೇರೆ ಸೀಟು, ಬೀದಿಯಲ್ಲಿ ಬೇರೆ ನಲ್ಲಿ ಇಟ್ಟಿದ್ದರ ವಿರುದ್ಧ ಹೋರಾಡಿದ ನಾಯಕನ ಕಥೆ ಅದು. ಪಾಳಿ ಮುಗಿಸಿ ಬಂದಿದ್ದ ಅಪ್ಪ ಗೋಡೆಗೊರಗಿ ಟೀ ಕುಡಿಯುತ್ತಿದ್ದ. ಉಗುರಿನ ಸಂದಿಯಲ್ಲಿ ಕಾರ್ಖಾನೆಯ ಮಸಿ ಹಾಗೇ ಇತ್ತು.

"ಲೋಟಾನೂ ಬೇರೆ ಇಟ್ಟಿದ್ರಾ ಅವ್ರಿಗೆ?" ಎಂದ.

"ಲೋಟದ ವಿಷ್ಯ ಬರ್ದಿಲ್ಲಪ್ಪ."

"ಆ ಮನುಷ್ಯ ಗೆದ್ನಾ?"

"ಗೆದ್ರಂತೆ. ಕಾನೂನೇ ಬದಲಾಯ್ತಂತೆ. ಆಮೇಲೆ ಯಾರೋ ಗುಂಡು ಹೊಡೆದು ಕೊಂದ್ರಂತೆ."

ಅಪ್ಪ ಟೀ ಮುಗಿಸಿ ಹೊರಗಿನ ನಲ್ಲಿಯಲ್ಲಿ ಲೋಟ ತೊಳೆದು, ಎಂದಿನಂತೆ ಹೊಸ್ತಿಲಾಚೆ ಬೋರಲು ಹಾಕಿದ. ಚಿಕ್ಕಂದಿನಲ್ಲಿ ಕುಂಸಿಯಲ್ಲಿ ಕೂಲಿಗೆ ಹೋಗುತ್ತಿದ್ದಾಗ, ಹೊಲದ ಒಡೆಯರ ಜಗಲಿಯಂಚಿನಲ್ಲಿ ತನಗೆಂದೇ ಇಟ್ಟ ಲೋಟವನ್ನು ಹಾಗೆ ತೊಳೆದಿಡಬೇಕಿತ್ತಂತೆ. ನಮ್ಮ ಮನೆಯಲ್ಲೂ ಅವನ ಕೈ ಅದನ್ನೇ ಮಾಡುತ್ತಿತ್ತು.

"ಇದು ನಮ್ಮನೆ ಕಣ್ರೀ. ಒಳಗೆ ತಂದಿಡಿ," ಎಂದಳು ಅಮ್ಮ, ದಿನಾ ಹೇಳುವ ಹಾಗೆ.

ಅವತ್ತು ಮಾತ್ರ ಅಪ್ಪ ಬಗ್ಗಿ ಆ ಲೋಟ ಎತ್ತಿಕೊಂಡ. ಅಡುಗೆಮನೆಗೆ ಬಂದು, ಗೂಡಿನಲ್ಲಿ ಸಾಲಾಗಿದ್ದ ಲೋಟಗಳ ಮುಂದೆ ತುಂಬಾ ಹೊತ್ತು ನಿಂತ. ಒದ್ದೆ ಲೋಟದಿಂದ ನೀರು ಅವನ ಮೊಣಕೈವರೆಗೂ ಇಳಿಯುತ್ತಿತ್ತು.

"ಎಲ್ಲಿಡ್ಲೇ ಇದನ್ನ?" ಎಂದು ಅಮ್ಮನನ್ನು ಮೆಲ್ಲಗೆ ಕೇಳಿದ.