ಸದ್ದಿಲ್ಲದ ಮಾತು

"ಮಗು ತಾಯೀನ ಮರ್ತೇಬಿಟ್ಟಿದೆ ಮೇಡಂ. ಅರ್ಧ ಗಂಟೆಯಿಂದ ಒಂದು ಮಾತೂ ಆಡಿಲ್ಲ, ನೀವೇ ನೋಡಿ," ಎಂದು ತಂದೆ ಕೆಂಪರಾಜನ ವಕೀಲರು ಮಗುವಿನತ್ತ ಕೈಚಾಚಿದ ಗಳಿಗೆಯಲ್ಲೇ, ಅಪ್ಪನ ಪಕ್ಕದಲ್ಲಿದ್ದ ಏಳು ವರ್ಷದ ಧನ್ವಿ ಬಾಯಿ ಅಗಲಿಸಿ, ಕೋರ್ಟ್ ಹಾಲಿನ ಆ ತುದಿಯಲ್ಲಿದ್ದ ಅಮ್ಮನಿಗೆ ಹಲ್ಲು ಬಿದ್ದ ಜಾಗ ತೋರಿಸಿದಳು.

ಅಮ್ಮ ನಾಗವೇಣಿ ಸದ್ದಿಲ್ಲದೆ ತುಟಿ ಆಡಿಸಿದಳು. ಮಗಳೂ ಹಾಗೆಯೇ ಉತ್ತರಿಸಿದಳು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳೆದ ಕೂಸು ಅದು; ನಾಲ್ಕು ಪವರ್‌ಲೂಮ್‌ಗಳ ಗದ್ದಲದಲ್ಲಿ ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವುದು. ಮಗು ಯಾರ ಬಳಿ ಇರಬೇಕೆಂಬ ಕೇಸು ವಾಯಿದೆಯಿಂದ ವಾಯಿದೆಗೆ ಎಳೆದ ಎಂಟು ತಿಂಗಳಲ್ಲಿ ಕೆಂಪರಾಜ್ ಮಗಳನ್ನು ತನ್ನ ಬಳಿ ಇಟ್ಟುಕೊಂಡು ಅವಳ ಶಾಲೆ ಬದಲಿಸಿದ್ದ, ಅಮ್ಮನ ಫೋನು ತಪ್ಪಿಸಿದ್ದ. ಇದೊಂದು ಅವನ ಕೈಗೆ ಸಿಕ್ಕಿರಲಿಲ್ಲ.

ನ್ಯಾಯಾಧೀಶೆ ಕನ್ನಡಕ ತೆಗೆದರು. "ಅಮ್ಮ ಏನಂದ್ರು ಪುಟ್ಟಾ?"

"ಯಾವಾಗ ಬಿತ್ತೇ ಹಲ್ಲು, ಅಂದ್ಳು. ಸೋಮವಾರ, ನೀನೇ ಮೊದ್ಲು ನೋಡಿದ್ದು, ಅಂದೆ."

"ಮತ್ತೆ ಬಾಯಿಬಿಟ್ಟು ಹೇಳ್ಬೋದಿತ್ತಲ್ಲ?"

"ಅಮ್ಮನ ಹತ್ರ ಸದ್ದು ಮಾಡಿದ್ರೆ ನೋಡು ಅಂದಿದ್ರು ಅಪ್ಪ." ಧನ್ವಿ ತಲೆ ತಗ್ಗಿಸಿದಳು. "ನಾನು ಸದ್ದು ಮಾಡ್ಲಿಲ್ಲ."

ಕೆಂಪರಾಜ್ ತನ್ನ ವಕೀಲರ ಮುಖ ನೋಡಿದ. ವಕೀಲರು ಫೈಲು ನೋಡಿಕೊಂಡರು.

"ತೀರ್ಪು ಆಗೋವರೆಗೂ ಮಗು ತಾಯಿ ಹತ್ರ ಇರ್ಲಿ. ಇವತ್ತಿಂದ್ಲೇ," ಎಂದರು ನ್ಯಾಯಾಧೀಶೆ.

ಇಷ್ಟು ದಿನ ಆ ಹಾಲಿನಲ್ಲಿ ಕೆಮ್ಮಲೂ ಅಂಜುತ್ತಿದ್ದ ನಾಗವೇಣಿ, ನಾಲ್ಕು ಮಗ್ಗಗಳನ್ನೂ ಮೀರಿಸುವ ದನಿಯಲ್ಲಿ ಕೂಗಿದಳು: "ಬಾರೇ ಧನ್ವೀ, ಮನೇಗ್ ಹೋಗಣ!"

"ಸೈಲೆನ್ಸ್" ಎನ್ನಬೇಕಿದ್ದ ಅಟೆಂಡರ್, ಓಡಿಬರುತ್ತಿದ್ದ ಮಗುವಿಗೆ ದಾರಿ ಬಿಟ್ಟು ನಿಂತ.